ತೇಲುವ ಅಡುಗೆ ಕಟ್ಟೆ ಮತ್ತು ನನ್ನ ನಿಂಬೆಹಣ್ಣು

ನನ್ನ ಟೂಲ್ ಬ್ಯಾಗಿನಲ್ಲಿ ಕಟಿಂಗ್ ಮಿಷನ್ ಇಲ್ಲದ ದಿನ ಇರಬಹುದು. ನಿಂಬೆಹಣ್ಣು ಇಲ್ಲದ ದಿನ ಇಲ್ಲ.

ದೃಷ್ಟಿಗಲ್ಲ. ಜ್ಯೂಸಿಗೂ ಅಲ್ಲ. ಅದು ನನಗೆ ನಾನೇ ಇಟ್ಟುಕೊಂಡಿರುವ ಪರೀಕ್ಷೆ. ಅಡುಗೆಮನೆಗೆ ಗ್ರಾನೈಟ್ ಕಟ್ಟೆ ಕೂರಿಸಿ, ಅಂಚು ಪಾಲಿಶ್ ಹೊಡೆದು, ಒರೆಸಿ, ಮನೆಯವರನ್ನೆಲ್ಲ ಕರೆದು ನಿಲ್ಲಿಸಿ, ಕಟ್ಟೆಯ ನಟ್ಟನಡುವೆ ನಿಂಬೆಹಣ್ಣು ಇಡುತ್ತೇನೆ. ಕೈ ತೆಗೆಯುತ್ತೇನೆ. ಅದು ಉರುಳಬಾರದು. (ನೀರು ಹರಿಯಲು ಸಿಂಕಿನ ಕಡೆಗೆ ಒಂಚೂರು ಇಳಿಜಾರು ಬೇಕು ನಿಜ. ಆದರೆ ಅದು ನೀರಿಗೆ ಗೊತ್ತಾಗಬೇಕು, ನಿಂಬೆಹಣ್ಣಿಗೆ ಗೊತ್ತಾಗಬಾರದು. ಕೆಲಸ ಇರುವುದೇ ಅಲ್ಲಿ.)

ಭದ್ರಾವತಿಯಲ್ಲಿ, ಶಿವಮೊಗ್ಗದಲ್ಲಿ ನಾನು ಕೂರಿಸಿದ ಕಟ್ಟೆಗಳ ಮೇಲೆ ನಿಂಬೆಹಣ್ಣು ಉರುಳಿದ್ದೇ ಇಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಈ ಅಂಕಣ ಓದುವವರಿಗೆ ಅದು ಗೊತ್ತೇ ಇದೆ. ಮರೆತವರಿಗೆ ಆಗಾಗ ನಾನೇ ನೆನಪಿಸುತ್ತಿರುತ್ತೇನೆ. ಬೇರೆಯವರು ಗೋಡೆಗೆ ಸರ್ಟಿಫಿಕೇಟು ತೂಗುಹಾಕುತ್ತಾರೆ. ನಾನು ನಿಂಬೆಹಣ್ಣು ಇಡುತ್ತೇನೆ.

ಹಾಗಿದ್ದವನಿಗೆ ಹೋದ ತಿಂಗಳು ಒಂದು ಫೋನ್ ಬಂತು.

"ಮಂಜಣ್ಣ, ಒಂದು ಅಡುಗೆ ಕಟ್ಟೆ ಆಗ್ಬೇಕಲ್ಲ."

ಸೆಲ್ವರಾಜಣ್ಣನ ದನಿ. ಭದ್ರಾವತಿ ಕಾಗದ ಕಾರ್ಖಾನೆಯ ಕಾಗದನಗರ ಕ್ವಾರ್ಟರ್ಸಿನಲ್ಲಿದ್ದವರು, ವೆಲ್ಡರ್. ಇಬ್ಬರೂ ಒಂದೇ ಕ್ಯಾಂಟೀನಿನಲ್ಲಿ ಟೀ ಕುಡಿದು ಹಳಬರಾದವರು.

"ಆಗುತ್ತೆ ಸೆಲ್ವಣ್ಣ. ಎಲ್ಲಿ ಮನೆ?"

"ಗಾಜನೂರು."

"ಓಹೋ, ಸೈಟ್ ತಗೊಂಡ್ರಾ? ಗಾಜನೂರಲ್ಲಿ ಎಲ್ಲಿ?"

"ನೀರಲ್ಲಿ."

ನಾನು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ, ಮತ್ತೆ ಇಟ್ಟುಕೊಂಡೆ. ಬೆಳಿಗ್ಗೆ ಹನ್ನೊಂದು ಗಂಟೆ. ಸೆಲ್ವಣ್ಣ ಕುಡಿಯುವವರೂ ಅಲ್ಲ.

ವಿಷಯ ಇಷ್ಟೇ. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರದೆ ಅವರು ಒಂದು ಬೋಟ್ ಕಟ್ಟಿದ್ದರು. ಕಬ್ಬಿಣದ ತಳ, ಮೇಲೆ ಶೀಟಿನ ಮಾಡು, ಮುಂದೆ ಜನ ಕೂರಲು ಬೆಂಚುಗಳು, ಹಿಂದೆ ಒಂದು ಅಡುಗೆಮನೆ. ಗಾಜನೂರಿನ ತುಂಗಾ ಡ್ಯಾಮಿನ ಹಿನ್ನೀರಿನಲ್ಲಿ ಒಂದು ಸುತ್ತು ಹೊಡೆಸಿ, ಬಿಸಿಬಿಸಿ ಊಟ ಹಾಕುವುದು. (ಪರ್ಮಿಷನ್ನಿಗೆ ಅವರು ಅಲೆದಿದ್ದು ಇನ್ನೊಂದು ಪುರಾಣ. ಆ ಸುದ್ದಿ ಎತ್ತಿದರೆ ಇವತ್ತಿನ ಊಟ ತಣ್ಣಗಾಗುತ್ತದೆ.) ಅಡುಗೆ ಯಾರದು? ಅವರ ಹೆಂಡತಿ ತಂಗಮ್ಮನವರದು. ಅವರ ಮೀನು ಸಾರು ಉಂಡವರು ಯಾರೂ ಈ ಯೋಜನೆಯನ್ನು ನೋಡಿ ನಗುವುದಿಲ್ಲ.

ಮಾರನೆಯ ದಿನವೇ ಬಸ್ಸು ಹತ್ತಿದೆ.

ತಂಗಮ್ಮ ಬೋಟಿನ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ಕಂಡೊಡನೆ ಕೇಳಿದ್ದು ಒಂದೇ ಮಾತು. "ಅಣ್ಣಾ, ಕಪ್ಪು ಕಲ್ಲು ತಾನೆ? ಮುಖ ಕಾಣ್ಬೇಕು, ಹಾಂ!"

ಆ ಕಪ್ಪು ಕಲ್ಲಿಗೂ ಒಂದು ಹಿನ್ನೆಲೆ ಇದೆ. ಜನ್ನಾಪುರದಲ್ಲಿ ಅವರ ತಂಗಿ ಮನೆಗೆ ಕಟ್ಟೆ ಹಾಕಿದವನು ನಾನೇ. ಗೃಹಪ್ರವೇಶದ ದಿನ ಬಂದವರೆಲ್ಲ ಟೈಲ್ಸ್ ನೋಡುತ್ತಿದ್ದರೆ, ತಂಗಮ್ಮ ಮಾತ್ರ ಅಡುಗೆಮನೆಯಲ್ಲಿ ನಿಂತು ಆ ಕರಿ ಕಲ್ಲಿನ ಮೇಲೆ ಅಂಗೈ ಆಡಿಸುತ್ತಿದ್ದರು. ಕ್ವಾರ್ಟರ್ಸಿನಲ್ಲಿ ಅವರಿಗೆ ಇದ್ದದ್ದು ಸಿಮೆಂಟಿನ ಕಟ್ಟೆ. ಎಷ್ಟು ತಿಕ್ಕಿದರೂ ಸಾರಿನ ಕಲೆ ಹೋಗದು, ತಿಕ್ಕಿದಷ್ಟೂ ಸಿಮೆಂಟ್ ಉದುರುವುದು. ಹಾಗೆ ತಿಕ್ಕಿ ತಿಕ್ಕಿಯೇ ಅವರ ಸಂಸಾರದ ಬಹುಪಾಲು ಕಳೆದುಹೋಯಿತು. "ನಂದು ಅಂತ ಒಂದು ಅಡುಗೆಮನೆ ಆದ್ರೆ ಇದೇ ಕಲ್ಲು" ಎಂದು ಅವತ್ತು ಹೇಳಿದ್ದರು. ಈಗ ಆಗಿದೆ. ತೇಲುತ್ತಿದೆ, ಅಷ್ಟೆ.

"ಮುಖ ಏನು ತಂಗಮ್ಮಕ್ಕ, ಮೂಗುತಿ ಹೊಳೆಯೋದೂ ಕಾಣುತ್ತೆ" ಎಂದೆ.

ಸೆಲ್ವಣ್ಣ ಮಾತ್ರ ತಲೆ ಕೆರೆದುಕೊಂಡರು. "ಮಂಜಣ್ಣ, ತೂಕ ಎಷ್ಟು ಬರುತ್ತೆ?"

"ಕಲ್ಲಿನ ವಿಷಯ ನಂಗೆ ಬಿಡಿ ಸೆಲ್ವಣ್ಣ. ನೀವು ವೆಲ್ಡಿಂಗ್ ಮಾಡುವಾಗ ನಾನು ಬಂದು ಕರೆಂಟ್ ಎಷ್ಟು ಇಟ್ಟಿದ್ದೀರಿ ಅಂತ ಕೇಳ್ತೀನಾ?"

ಎಷ್ಟು ಠೀವಿಯ ಮಾತು ನೋಡಿ! ಆಡುವಾಗ ಬಲು ಚಂದ ಕೇಳಿಸಿತು.

ಮೊದಲ ಕೆಲಸ ದಿಕ್ಕು ಗುರುತಿಸುವುದು. ಅಡುಗೆ ಮಾಡುವವರ ಮುಖ ಪೂರ್ವಕ್ಕಿರಬೇಕು ತಾನೆ? ಕೆಲಸ ಶುರು ಮಾಡುವ ಮೊದಲು ಯಾವ ಮನೆಯಲ್ಲಾದರೂ ನಾನು ಕೇಳುವ ಮೊದಲ ಪ್ರಶ್ನೆ ಅದು. ಸೂರ್ಯನನ್ನು ನೋಡಿದೆ, ಕಿಟಕಿಯ ಕೆಳಗೆ ಚಾಕ್‌ಪೀಸಿನಿಂದ ಗೆರೆ ಎಳೆದೆ, "ಇಲ್ಲಿ ಬರುತ್ತೆ ಒಲೆ" ಎಂದೆ. ದಡಕ್ಕೆ ಇಳಿದು ಟೀ ಕುಡಿದು ಬಂದೆ. ಗೆರೆ ಇದ್ದಲ್ಲೇ ಇದೆ. ಪೂರ್ವ ಇರಲಿಲ್ಲ. ಗಾಳಿ ಬೀಸಿತ್ತು, ಹಗ್ಗದ ಉದ್ದಕ್ಕೆ ಬೋಟ್ ನಿಧಾನವಾಗಿ ತಿರುಗಿತ್ತು. ನಾನು ಗುರುತು ಮಾಡಿದ ಪೂರ್ವ ಈಗ ಡ್ಯಾಮಿನ ಗೇಟುಗಳ ಕಡೆ ಮುಖ ಮಾಡಿತ್ತು.

ಮತ್ತೆ ಗೆರೆ ಎಳೆದೆ. ಬೋಟ್ ಮತ್ತೆ ತಿರುಗಿತು.

"ಅಣ್ಣಾ, ಹಿಂಗೇ ಆದ್ರೆ ನಿಮ್ ಚಾಕ್‌ಪೀಸ್ ಮುಗಿಯುತ್ತೆ, ದಿಕ್ಕು ಮುಗಿಯಲ್ಲ" ಎಂದರು ತಂಗಮ್ಮ. "ನಾನು ಸಾರು ಕುದ್ಯೋವರೆಗೆ ನಿಂತ್ರೆ ಎಂಟೂ ದಿಕ್ಕಿಗೆ ಕೈ ಮುಗಿದಂಗೆ ಆಗುತ್ತೆ. ಎಲ್ಲಾ ದೇವ್ರಿಗೂ ಖುಷಿ. ನೀವು ಕಲ್ಲು ಹಾಕಿ."

ಹಾಕಿದೆ. ಹೇಗೆ ಹಾಕಿದೆ? ಮನೆಗೆ ಹಾಕುವ ಹಾಗೇ. ಕೆಳಗೆ ಕಡಪ ಕಲ್ಲಿನ ಕಾಲುಗಳು, ಮೇಲೆ ಕರಿ ಗ್ರಾನೈಟಿನ ಉದ್ದ ಹಾಸು, ಹಿಂದಿನ ಗೋಡೆಗೂ ಒಂದು ಪಟ್ಟಿ. ಎಲ್ಲವೂ ಕಿಟಕಿ ಇರುವ ಎಡಮಗ್ಗುಲಿಗೆ. ಕಲ್ಲು ಕೂತಿತು. ತಂಗಮ್ಮ ಬಗ್ಗಿ ಮುಖ ನೋಡಿಕೊಂಡರು, ಸೆರಗು ಸರಿಮಾಡಿಕೊಂಡರು. ಆ ಕ್ಷಣ ಅವರ ಮುಖದಲ್ಲಿದ್ದ ಬೆಳಕಿಗೆ ನಾನು ಇನ್ನೆರಡು ಹಾಸು ಬೇಕಾದರೂ ಹಾಕಿಕೊಡುತ್ತಿದ್ದೆ.

ಹಾಕಿದ್ದರೆ ಬೋಟ್ ಮುಳುಗುತ್ತಿತ್ತು.

ರಸಮಟ್ಟ ಇಟ್ಟೆ. ಅದರೊಳಗಿನ ಗುಳ್ಳೆ ಬಲಕ್ಕೆ ಓಡಿತು. ಅಂದರೆ ಎಡ ತಗ್ಗಿದೆ. ಸರಿ, ಎಡದ ಕಾಲಿಗೆ ಒಂದು ಚೂರು ಕಲ್ಲು ಕೊಟ್ಟೆ. ಗುಳ್ಳೆ ಮಧ್ಯಕ್ಕೆ ಬಂತು. ಉಸಿರು ಬಿಟ್ಟೆ. ಅಷ್ಟರಲ್ಲಿ ಸೆಲ್ವಣ್ಣ ಬಲಗಡೆಯಿಂದ ಎದ್ದು ನೋಡಲು ಬಂದರು. ಗುಳ್ಳೆ ಮತ್ತೆ ಓಡಿತು. ಮನೆ ಕಟ್ಟುವಾಗ ಮನೆ ಯಜಮಾನ ಎದ್ದು ಓಡಾಡಿದರೆ ಮಟ್ಟ ತಪ್ಪುತ್ತದೆಯೇ? ಇಲ್ಲಿ ತಪ್ಪುತ್ತದೆ!

"ಸೆಲ್ವಣ್ಣ, ಅಲ್ಲೇ ಕೂತ್ಕೊಳ್ಳಿ ಮಾರಾಯ್ರೆ."

"ಎಷ್ಟು ದಿನ ಕೂರ್ಲಿ?"

ತಂಗಮ್ಮ ನಕ್ಕರು. "ಬಿಡಿ ಅಣ್ಣಾ, ಕ್ವಾರ್ಟರ್ಸಲ್ಲೂ ಅವ್ರು ಕೂತೇ ಇರ್ತಿದ್ರು. ಈಗ ಅದಕ್ಕೊಂದು ಬೆಲೆ ಬಂತು."

ಕೊನೆಗೆ ಸೆಲ್ವಣ್ಣನೇ ಉಪಾಯ ಹೇಳಿದರು. ಬಲಗಡೆಗೆ ಒಂದು ದೊಡ್ಡ ನೀರಿನ ಡ್ರಮ್ ಇಡೋಣ. ಅಡುಗೆಗೂ ನೀರು ಬೇಕು, ತೂಕಕ್ಕೆ ತೂಕವೂ ಆಯಿತು. ಇಟ್ಟೆವು. ತುಂಬಿಸಿದೆವು. ಬೋಟ್ ನೆಟ್ಟಗಾಯಿತು. ನಾನು ಎದೆ ಉಬ್ಬಿಸಿ ಬ್ಯಾಗಿನಿಂದ ನಿಂಬೆಹಣ್ಣು ತೆಗೆದೆ. ಇಟ್ಟೆ. ನಿಂತಿತು!

"ನೋಡಿದ್ರಾ?" ಎಂದೆ.

"ನೋಡ್ದೆ. ಈಗ ಕೈಗೆ ಕೆಲ್ಸ ಕೊಡಣ" ಎಂದು ತಂಗಮ್ಮ ಒಲೆ ಹಚ್ಚಿದರು. ಅಕ್ಕಿ ತೊಳೆದರು, ಡ್ರಮ್ಮಿನ ನೀರು. ಮೀನು ತೊಳೆದರು, ಡ್ರಮ್ಮಿನ ನೀರು. ಮೀನು ಅಂದಮೇಲೆ ಒಂದು ಸಲಕ್ಕೆ ಆಗುತ್ತದೆಯೇ? ಮತ್ತೆ ಮತ್ತೆ ಡ್ರಮ್ಮಿನ ನೀರು. ಪಾತ್ರೆ ಬೆಳಗಿದರು. ಅವರು ಒಂದೊಂದು ಚೊಂಬು ಎತ್ತಿದಂತೆಲ್ಲ ಬೋಟು ಒಂದೊಂದು ಚೂರು ನನ್ನ ಕಲ್ಲಿನ ಕಡೆಗೆ ವಾಲಿತು. ಅನ್ನ ಆಗುವ ಹೊತ್ತಿಗೆ ನಾವು ಮೂವರೂ ಒಂದು ಭುಜ ಎತ್ತಿಕೊಂಡು ನಿಂತಿದ್ದೆವು. ಮೊದಲು ಸೌಟು ಜಾರಿತು. ಆಮೇಲೆ ಸಾರಿನ ಪಾತ್ರೆ ಒಲೆಯ ಮೇಲಿಂದ ಒಂದು ಬೆರಳಿನಷ್ಟು ಸರಿಯಿತು. ತಂಗಮ್ಮ ಬರಿಗೈಯಲ್ಲೇ ಹಿಡಿದರು, "ಅಯ್ಯಪ್ಪಾ" ಎಂದು ಕೈ ಕೊಡವಿಕೊಂಡರು.

ಅಷ್ಟು ಹೊತ್ತು ಪಕ್ಕದ ಪಾತ್ರೆಗೆ ಒರಗಿ ನಿಂತಿದ್ದ ನಿಂಬೆಹಣ್ಣು ಈಗ ಯಾರಿಗೂ ಕಾಯಲಿಲ್ಲ. ನುಣ್ಣನೆಯ ಕಲ್ಲು, ಅದಕ್ಕೆ ಅಡ್ಡ ಏನಿದೆ? ಉರುಳಿತು, ಕಿಟಕಿಯ ತಳಕ್ಕೆ ಬಡಿದು ನೆಗೆಯಿತು, ಹೊರಗೆ ಹಾರಿತು. 'ಪುಳಕ್' ಎಂದು ಸದ್ದು.

ಮೂವರೂ ಕಿಟಕಿಯಲ್ಲಿ ಬಗ್ಗಿ ನೋಡಿದೆವು. (ಬಗ್ಗಬಾರದಿತ್ತು. ಬೋಟ್ ಇನ್ನಷ್ಟು ವಾಲಿತು.) ನನ್ನ ಮಾನ ಹಳದಿ ಬಣ್ಣದಲ್ಲಿ ತುಂಗೆಯ ಮೇಲೆ ತೇಲಿಕೊಂಡು ಹೋಗುತ್ತಿತ್ತು.

"ಕಲ್ಲು ತೆಗೀಬೇಕು ತಂಗಮ್ಮಕ್ಕ" ಎಂದೆ.

ಅವರು ತಣ್ಣೀರಿನಲ್ಲಿ ಕೈ ಅದ್ದಿಕೊಂಡು ನಿಂತಿದ್ದರು. ಆಮೇಲೆ, "ತೆಗೀಬೇಡಿ ಅಣ್ಣಾ. ಇವ್ರು ಊಟ ಸ್ವಲ್ಪ ಕಡಿಮೆ ಮಾಡ್ತಾರೆ" ಎಂದು ಗಂಡನ ಹೊಟ್ಟೆ ತೋರಿಸಿದರು. ಜೋಕೇ. ಆದರೆ ಅವರ ಇನ್ನೊಂದು ಕೈ ಕಲ್ಲಿನ ಮೇಲೆ ಇತ್ತು.

ಆ ಭಾನುವಾರವೇ ಮೊದಲ ಗಿರಾಕಿಗಳು ಬರುವವರಿದ್ದರು. ಶಿವಮೊಗ್ಗದ ಒಂದು ದೊಡ್ಡ ಕುಟುಂಬ, ಅಜ್ಜಿಯ ಹುಟ್ಟುಹಬ್ಬ. ಆ ದಿನ ಸಾರು ಜಾರಿದರೆ ಕೆಳಗಿರುವುದು ನೆಲವಲ್ಲ, ಮಕ್ಕಳ ಕಾಲು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮನೆಗೆ ಬಂದು ಪೇಪರ್ ಮೇಲೆ ಒಂದಾದ ಮೇಲೊಂದು ಸಾಮಾನು ಬರೆದೆ, ಹೊಡೆದುಹಾಕಿದೆ. ಮಾರ್ಬಲ್? ಅದೂ ಕಲ್ಲೇ, ಮೇಲಾಗಿ ಹುಣಸೆಹುಳಿ ಚೆಲ್ಲಿದರೆ ಹೊಳಪು ಸತ್ತುಹೋಗುತ್ತದೆ. ಬರೀ ಸ್ಟೀಲ್ ಶೀಟು? ಹಗುರ, ಒರೆಸಲು ಸುಲಭ. ಆದರೆ ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆ, ಒಂದು ಲೋಟ ಇಟ್ಟರೂ ಬ್ಯಾಂಡ್ ಸೆಟ್ ಸದ್ದು. ಸಾದಾ ಪ್ಲೈವುಡ್ಡಿಗೆ ಸನ್‌ಮೈಕಾ? ನೀರಿನ ಮೇಲಿನ ತೇವಕ್ಕೆ ಒಂದೇ ಮಳೆಗಾಲದಲ್ಲಿ ಉಬ್ಬಿ ಹಪ್ಪಳವಾಗುತ್ತದೆ. ಮರ? ಮರವೇನೋ ಸರಿ. ಆದರೆ ಜಾರುವುದು ಕಲ್ಲಿನ ಮೇಲೂ ಜಾರುತ್ತದೆ, ಮರದ ಮೇಲೂ ಜಾರುತ್ತದೆ. ಮಟ್ಟ ಎಲ್ಲಿಂದ ತರಲಿ?

ನನ್ನ ಹೆಂಡತಿ ಜಗಲಿಯಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು. ಮೊರ ಮೇಲೆ ಹಾರುತ್ತಿತ್ತು, ಅಕ್ಕಿ ನೆಗೆಯುತ್ತಿತ್ತು, ಮತ್ತೆ ಬಂದು ಮೊರದಲ್ಲೇ ಬೀಳುತ್ತಿತ್ತು.

"ಏನ್ರೀ, ನಿಂಬೆಹಣ್ಣು ನೀರುಪಾಲಾಯ್ತಂತೆ?" ಎಂದಳು. (ತಂಗಮ್ಮ ಆಗಲೇ ಫೋನ್ ಮಾಡಿ ಹೇಳಿದ್ದರು. ಸುದ್ದಿಗೆ ಬೋಟ್ ಬೇಕಾಗಿಲ್ಲ.)

"ಅಲ್ಲಾಡೋ ನೆಲದ ಮೇಲೆ ಮಟ್ಟ ಹೆಂಗೆ ತರೋದು ಹೇಳು ನೋಡೋಣ."

"ನಂಗೆ ಯಾಕೆ ಮಟ್ಟ? ನನ್ನ ಮೊರ ಹುಟ್ಟಿದಾಗಿಂದ ಅಲ್ಲಾಡ್ತಾನೇ ಇದೆ, ಒಂದು ಕಾಳು ಚೆಲ್ಲಿದ್ದೀನಾ? ನೀವು ಕುದ್ರೆಗೆ ಹೇಳೋ ಹಾಗೆ ಕಲ್ಲಿಗೆ 'ನಿಲ್ಲು, ನಿಲ್ಲು' ಅಂತಿದ್ದೀರ."

ನಾನು ಮೊರವನ್ನು ಕೈಗೆ ತೆಗೆದುಕೊಂಡೆ. ಮೂರು ಕಡೆ ಅಂಚು. ಒಂದು ಕಡೆ ಬಾಯಿ. ಅಕ್ಕಿ ನಿಲ್ಲುವುದು ಮಟ್ಟದಿಂದಲ್ಲ, ಅಂಚಿನಿಂದ. ಕಸ ಹೊರಹೋಗಲು ಬಾಯಿ. ನನ್ನ ಎಲ್ಲ ಕಟ್ಟೆಗಳಿಗೂ ನಾನು ಅಂಚನ್ನು ನಯಮಾಡಿ, ಗುಂಡಗೆ ಮಾಡಿ, ಇಲ್ಲವೆನ್ನಿಸುವಷ್ಟು ಮಾಡುತ್ತಿದ್ದೆ. ಅದೇ ಫ್ಯಾಷನ್. ನೀರಿನ ಮೇಲೆ ಆ ಫ್ಯಾಷನ್ ನಡೆಯುವುದಿಲ್ಲ.

"ಮೊರ ಕೊಡ್ತೀರಾ, ಇಲ್ಲಾ ರಾತ್ರಿ ಊಟ ಬೇಡ್ವಾ?" ಎಂದಳು. ಕೊಟ್ಟೆ.

ಬೆಳಿಗ್ಗೆ ಸೆಲ್ವಣ್ಣನಿಗೆ ಫೋನ್ ಮಾಡಿದೆ. ಈ ಸಲ ಮೊದಲು ಕೇಳಿದ್ದು ತೂಕ. "ಹೆಂಗೆ ಬಂದ್ರಿ ದಾರಿಗೆ?" ಎಂದು ನಕ್ಕರೇ ಹೊರತು ಅದಕ್ಕಿಂತ ಹೆಚ್ಚು ಚುಚ್ಚಲಿಲ್ಲ. ಒಳ್ಳೆಯ ಮನುಷ್ಯ. ಕಲ್ಲನ್ನೆಲ್ಲ ಬಿಚ್ಚಿ ದಡಕ್ಕೆ ಇಳಿಸಿದ ಮೇಲೆ ಅವರೇ ತೆಳು ಕಬ್ಬಿಣದ ಫ್ರೇಮು ವೆಲ್ಡ್ ಮಾಡಿದರು. ಅದರ ಮೇಲೆ ನೀರಿಗೆ ಉಬ್ಬದ ಮರೈನ್ ಪ್ಲೈವುಡ್. ಒಲೆಯ ಸುತ್ತ ಮಾತ್ರ ಸ್ಟೀಲ್ ಶೀಟು, ಬಿಸಿ ಪಾತ್ರೆ ಇಳಿಸಲು. ಉಳಿದದ್ದಕ್ಕೆ ಸಾಗುವಾನಿ ಹಲಗೆ. ಸುತ್ತಲೂ ಬೆರಳುದ್ದದ ಮರದ ಅಂಚು, ಆದರೆ ಮೂಲೆಗಳಲ್ಲಿ ಸಂದಿ ಬಿಟ್ಟೆ; ಕಸ ಗುಡಿಸಲು, ಬಟ್ಟೆಯಲ್ಲಿ ಒರೆಸಿ ತಳ್ಳಲು. ಮೊರದ ಬಾಯಿ ಅದು. ಒಲೆಯ ಮೇಲೂ ಪಾತ್ರೆ ಜಾರದಂತೆ ಸೆಲ್ವಣ್ಣ ಕಂಬಿ ಕೂರಿಸಿದರು. ನೀರಿನ ಡ್ರಮ್ಮನ್ನು ಒಂದರ ಬದಲು ಎರಡು ಸಣ್ಣವು ಮಾಡಿ ಎರಡೂ ಮಗ್ಗುಲಿಗೆ ಹಂಚಿದೆವು.

ತಂಗಮ್ಮ ಬಾಗಿಲಲ್ಲಿ ಕೈ ಕಟ್ಟಿ ನಿಂತು ನೋಡುತ್ತಿದ್ದರು. "ಚೆನ್ನಾಗಿದೆ ಅಣ್ಣಾ" ಎಂದರು. 'ಚೆನ್ನಾಗಿದೆ' ಎಂಬ ಪದವನ್ನು ಹಾಗೆ ಹೇಳಿದರೆ ಏನರ್ಥ ಎಂದು ಮದುವೆಯಾದವರಿಗೆಲ್ಲ ಗೊತ್ತು.

"ಕಣ್ಣು ಮುಚ್ಚಿ" ಎಂದೆ.

"ಏನು ಆಟ ಇದು, ವಯಸ್ಸಾದವ್ರ ಹತ್ರ?"

"ಮುಚ್ಚಿ ಅಂದ್ರೆ ಮುಚ್ಚಿ ಅಕ್ಕ."

ತೆಗೆದ ಹಾಸಿನಿಂದ ಅಕ್ಕಿ ರೊಟ್ಟಿ ತಟ್ಟುವಷ್ಟು ಅಗಲದ ಒಂದು ತುಂಡು ಕತ್ತರಿಸಿಟ್ಟುಕೊಂಡಿದ್ದೆ. ಹಲಗೆಯಲ್ಲಿ ಅಷ್ಟೇ ಜಾಗ ಕೊರೆದಿದ್ದೆ. ಅದೂ ಬೋಟಿನ ನಡುಗೆರೆಯ ಹತ್ತಿರಕ್ಕೆ ಬರುವ ತುದಿಯಲ್ಲಿ, ತೂಕ ಯಾವ ಮಗ್ಗುಲಿಗೂ ಎಳೆಯದ ಹಾಗೆ. ಕಲ್ಲನ್ನು ಕೂರಿಸಿ, ಸಂದಿಗೆ ಸಿಲಿಕಾನ್ ತುಂಬಿ, ಒರೆಸಿದೆ. ಪಾಲಿಶ್ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಹೇಳುತ್ತೇನೆ: ಅಷ್ಟು ಚೆನ್ನಾಗಿ ನಾನು ಯಾವ ಬಂಗಲೆಗೂ ಹೊಡೆದಿಲ್ಲ.

ಅವರು ಕಣ್ಣು ಬಿಟ್ಟರು. ಬಗ್ಗಿದರು. ಕಲ್ಲಿನಲ್ಲಿ ಮುಖ ಇತ್ತು, ಹಿಂದೆ ಕಿಟಕಿ, ಕಿಟಕಿಯಲ್ಲಿ ನೀರು.

"ಏನ್ರೀ, ಬನ್ನಿ ಇಲ್ಲಿ" ಎಂದು ಗಂಡನನ್ನು ಕೂಗಿದರು. "ನನ್ ತಂಗಿ ಮನೆ ಕಲ್ಲಲ್ಲಿ ಬರೀ ಟ್ಯೂಬ್‌ಲೈಟ್ ಕಾಣೋದು. ನಂದ್ರಲ್ಲಿ ತುಂಗೆನೇ ಕಾಣುತ್ತೆ!"

ಭಾನುವಾರ ಸೆಲ್ವಣ್ಣ ಪೂಜೆಗೆ ಸಾಮಾನು ತಂದರು. ಹೂವು, ಕುಂಬಳಕಾಯಿ, ಕರ್ಪೂರ, ಜೊತೆಗೆ ನಾಲ್ಕು ನಿಂಬೆಹಣ್ಣು. ಹೊಸ ಗಾಡಿ ಅಂದಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊರಡಬೇಕಲ್ಲ? ಕೈಯಲ್ಲಿ ಹಿಡಿದುಕೊಂಡು ಬೋಟಿನ ಮುಂದಕ್ಕೆ ಹೋದರು. ಹಿಂದಕ್ಕೆ ಹೋದರು. ನೀರಿನೊಳಗೆ ಇಣುಕಿದರು.

"ಮಂಜಣ್ಣ... ಇದಕ್ಕೆ ಚಕ್ರ ಇಲ್ವಲ್ಲ?"

ಬಂದಿದ್ದ ಅಜ್ಜಿ, ಅಂದರೆ ಹುಟ್ಟುಹಬ್ಬದ ಅಜ್ಜಿ, ನಕ್ಕು ನಕ್ಕು ಹಲ್ಲಿನ ಸೆಟ್ ಕೈಯಲ್ಲಿ ಹಿಡಿದುಕೊಂಡರು. ಬೋಟ್ ಕಟ್ಟಿದವರು ಸೆಲ್ವಣ್ಣನೇ, ಒಂದೊಂದು ಇಂಚು ವೆಲ್ಡ್ ಮಾಡಿದವರು ಅವರೇ. ಆದರೂ ಅಂಗಡಿಯಲ್ಲಿ ಕೈ ತಾನಾಗಿ ನಾಲ್ಕು ಎಣಿಸಿತ್ತು. ನನ್ನ ಕೈ ತಾನಾಗಿ ಕಡಪ ಕಲ್ಲಿನ ಕಾಲು ಕೂರಿಸಿರಲಿಲ್ಲವೇ? ನೆಲದ ಅಭ್ಯಾಸ ದೋಣಿ ಹತ್ತಿದರೂ ಅಷ್ಟು ಸುಲಭಕ್ಕೆ ಬಿಡುವುದಿಲ್ಲ ಸ್ವಾಮಿ.

"ಕೊಡಿ ಇಲ್ಲಿ" ಎಂದು ಒಂದನ್ನು ಕಸಿದುಕೊಂಡೆ. ಬೋಟ್ ಹೊರಟಿತು. ಮಕ್ಕಳು ಬಲಕ್ಕೆ ಓಡಿದರು, ಬೋಟ್ ಬಲಕ್ಕೆ ವಾಲಿತು. ಯಾರೋ ಹಕ್ಕಿ ತೋರಿಸಿದರು, ಎಡಕ್ಕೆ ಓಡಿದರು, ಎಡಕ್ಕೆ ವಾಲಿತು. ನಾನು ಎಲ್ಲರೆದುರು ಕಟ್ಟೆಯ ನಡುವೆ ನಿಂಬೆಹಣ್ಣು ಇಟ್ಟು ಕೈ ತೆಗೆದೆ. ಅಲ್ಲೇ ಒಲೆಯ ಮೇಲೆ ಮೀನು ಸಾರು ಕುದಿಯುತ್ತಿತ್ತು, ತಂಗಮ್ಮ ಸೌಟು ಹಿಡಿದು ನಿಂತಿದ್ದರು.

ನಿಂಬೆಹಣ್ಣು ಉರುಳಿತು. ಬಲದ ಅಂಚಿಗೆ 'ಟಕ್'. ನಿಂತು ಯೋಚಿಸಿತು. ಎಡಕ್ಕೆ ಉರುಳಿತು. 'ಟಕ್'.

"ಅಣ್ಣಾ, ಉರುಳ್ತಲ್ಲ!" ಎಂದರು ತಂಗಮ್ಮ, ನನ್ನ ಕಾಲೆಳೆಯಲು.

"ಬಿತ್ತಾ?"

"ಇಲ್ಲ."

"ಸಾರು?"

"ಇದ್ದಲ್ಲೇ ಐತೆ."

"ಮತ್ತೆ ಬಡಿಸಿ!"

ಬಡಿಸಿದರು. ಆ ಕರಿ ಕಲ್ಲಿನ ಮೇಲೆ ತಟ್ಟಿದ ಅಕ್ಕಿ ರೊಟ್ಟಿ, ಮೀನು ಸಾರು, ಮತ್ತು ಚಕ್ರ ಸಿಗದ ಆ ನಾಲ್ಕೂ ನಿಂಬೆಹಣ್ಣಿನ ಚಿತ್ರಾನ್ನ. ನನ್ನ ಪರೀಕ್ಷೆಯ ಹಣ್ಣನ್ನೂ ಬಿಡಲಿಲ್ಲ. ಅಜ್ಜಿ ಎರಡು ಸಲ ಹಾಕಿಸಿಕೊಂಡು, ಮುಂದಿನ ಹುಟ್ಟುಹಬ್ಬಕ್ಕೂ ಇಲ್ಲೇ ಎಂದು ಮಗನಿಗೆ ಆರ್ಡರ್ ಮಾಡಿದರು.

ಮೊನ್ನೆ ಮತ್ತೆ ಹೋಗಿದ್ದೆ, ಕಟ್ಟೆ ಹೇಗಿದೆ ನೋಡಲು. ಮರದ ಕಟ್ಟೆ ಕೂರಿಸಿ ಬಂದುಬಿಟ್ಟರೆ ಮುಗಿಯುವುದಿಲ್ಲ. ನೀರು ನಿಂತರೆ ಆಗಲೇ ಒರೆಸಬೇಕು, ತಿಂಗಳಿಗೊಮ್ಮೆ ಅಗಸೆ ಎಣ್ಣೆ ತಿಕ್ಕಿ ಒಣಗಿಸಬೇಕು, ಸಿಂಕಿನ ಸಂದಿಯ ಸಿಲಿಕಾನ್ ಬಿಟ್ಟಿದೆಯಾ ಎಂದು ಬೆರಳಾಡಿಸಿ ನೋಡಬೇಕು, ಅರಿಶಿನ ಚೆಲ್ಲಿದರೆ 'ಆಮೇಲೆ' ಎನ್ನಬಾರದು. ಇದನ್ನೆಲ್ಲ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಒಳಗಿಂದ ತಂಗಮ್ಮನ ದನಿ: "ಏನ್ರೀ, ಆ ಒದ್ದೆ ಚೊಂಬು ನನ್ ಮರದ ಮೇಲೆ ಇಟ್ಟಿದ್ದು ನೀವೇ ತಾನೆ?"

ನಾನು ಬಾಯಿ ಮುಚ್ಚಿಕೊಂಡು, ಎರಡು ರೊಟ್ಟಿ ತಿಂದು ಬಂದೆ.

ಈಗ ಮನೆಗಳಿಗೆ ಕಟ್ಟೆ ಹಾಕುವಾಗಲೂ ನಿಂಬೆಹಣ್ಣು ಇಡುತ್ತೇನೆ. ಹಳೆಯ ಹೆಮ್ಮೆ ಹಾಗೆಲ್ಲ ಬಿಡುವವನಲ್ಲ ನಾನು. ಆದರೆ ಅದು ನಿಂತಾಗ ಮೊದಲಿನಷ್ಟು ಎದೆ ಉಬ್ಬುವುದಿಲ್ಲ. ಅಲ್ಲಾಡದ ನೆಲದ ಮೇಲೆ ನಿಲ್ಲುವುದರಲ್ಲಿ ಏನು ದೊಡ್ಡಸ್ತಿಕೆ? ನಮ್ಮ ಯಾರ ಮನೆ ತಾನೆ ಯಾವತ್ತೂ ಅಲ್ಲಾಡದೆ ನಿಂತಿದೆ?

ಅಂದ ಹಾಗೆ, ನಿಮ್ಮ ಕಟ್ಟೆಗೆ ಅಂಚು ಇದೆ ತಾನೆ?